ಜೋಮು ಹಿಡಿದ ಬೆರಳು, ಅರ್ಧಕ್ಕೆ ನಿಂತ ವಿಮಾನ

ಪ್ರಶ್ನೆ: ವಿಮಾನಗಳ ಪ್ಲಾಸ್ಟಿಕ್ ಕಿರುಮಾದರಿಗಳನ್ನು ಜೋಡಿಸುವುದು ನನ್ನ ಬಹುಕಾಲದ ಹವ್ಯಾಸ. ಕಳೆದ ವರ್ಷ ಕ್ಯಾನ್ಸರ್ ಪತ್ತೆಯಾದಾಗ 1:72 ಅಳತೆಯ ಸ್ಪಿಟ್‌ಫೈರ್ ಅರ್ಧಕ್ಕೇ ನಿಂತುಹೋಯಿತು. ಕಿಮೋಥೆರಪಿ ಮುಗಿದು ಎರಡು ತಿಂಗಳಾದರೂ ಬೆರಳ ತುದಿಗಳು ಜೋಮು ಹಿಡಿದಂತೆಯೇ ಇವೆ, ಅರ್ಧ ಗಂಟೆ ಕೂತರೆ ದಣಿವಾಗುತ್ತದೆ. ಮತ್ತೆ ಕೆಲಸ ಆರಂಭಿಸಬಹುದೇ? ಅಂಟು ಮತ್ತು ಬಣ್ಣಗಳ ವಾಸನೆಯಿಂದ ತೊಂದರೆಯಾದೀತೇ?

ಉತ್ತರ: ನಿಮ್ಮ ವೈದ್ಯರು ಒಪ್ಪಿದರೆ ಖಂಡಿತ ಆರಂಭಿಸಿ, ಆದರೆ ಆ ಸ್ಪಿಟ್‌ಫೈರ್‌ನಿಂದ ಬೇಡ. ರೆಕ್ಕೆಯ ತುದಿಯಿಂದ ತುದಿಗೆ 11.23 ಮೀಟರ್ ಇದ್ದ ವಿಮಾನ ಆ ಅಳತೆಯಲ್ಲಿ ಬರೀ 15.6 ಸೆಂಟಿಮೀಟರ್ ಆಗುತ್ತದೆ. ಅದರ ಬಾಲದ ಚಕ್ರವನ್ನು ಹಿಡಿದದ್ದೂ ಜಾರಿಸಿದ್ದೂ ಈಗಿನ ನಿಮ್ಮ ಬೆರಳುಗಳಿಗೆ ತಿಳಿಯಲಾರದು. ಅದಕ್ಕಿಂತ ದೊಡ್ಡದಾದ 1:48 ಅಳತೆಯಲ್ಲಿ, ಬಿಡಿಭಾಗಗಳು ಕಡಿಮೆ ಇರುವ, ಸಾಧ್ಯವಾದರೆ ಅಂಟಿಲ್ಲದೆ ಒತ್ತಿ ಕೂಡಿಸುವ ಕಿಟ್ ಒಂದನ್ನು ಆರಿಸಿಕೊಳ್ಳಿ.

ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿನ್‌ಕ್ರಿಸ್ಟಿನ್‌ನಂಥ ಔಷಧಗಳು ನರಗಳ ತುದಿಗಳನ್ನು ಘಾಸಿಗೊಳಿಸುವುದರಿಂದ ಈ ಜೋಮು ಬರುತ್ತದೆ. ಆಕ್ಸಾಲಿಪ್ಲಾಟಿನ್ ಪಡೆದವರಲ್ಲಿ ಚಿಕಿತ್ಸೆ ನಿಂತ ಮೇಲೂ ಕೆಲವು ತಿಂಗಳು ಅದು ಹೆಚ್ಚುವುದುಂಟು. ಹಲವರಲ್ಲಿ ತಿಂಗಳುಗಳು ಕಳೆದಂತೆ ತಗ್ಗುತ್ತದೆ, ಕೆಲವರಲ್ಲಿ ಸ್ವಲ್ಪ ಉಳಿದುಬಿಡುತ್ತದೆ. ಆದ್ದರಿಂದ ಎರಡೇ ತಿಂಗಳಿಗೆ ನಿಮ್ಮ ಕೈಯ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ನನಗೆ ಹೆಚ್ಚು ಆತಂಕ ತರುವುದು ಬಿಡಿಭಾಗಗಳನ್ನು ಕತ್ತರಿಸುವ ಚಾಕು. ನಿಮ್ಮಂತೆಯೇ ಚೇತರಿಸಿಕೊಳ್ಳುತ್ತಿದ್ದ ನನ್ನ ಗೆಳೆಯರೊಬ್ಬರಿಗೆ ಬೆರಳು ಕೊಯ್ದುಕೊಂಡದ್ದು ಗೊತ್ತಾದದ್ದು, ತಿಳಿಬೂದು ರೆಕ್ಕೆಯ ಮೇಲೆ ಕೆಂಪು ಹೆಬ್ಬೆಟ್ಟಿನ ಗುರುತು ಕಂಡಾಗ, ನೋವೇ ಆಗಿರಲಿಲ್ಲ. ಬಿಳಿ ರಕ್ತಕಣಗಳು ಇನ್ನೂ ಕಡಿಮೆಯಿದ್ದರೆ ಅಂಥ ಸಣ್ಣ ಗಾಯವೂ ಸೋಂಕಿಗೆ ದಾರಿಯಾಗಬಹುದು, ಪ್ಲೇಟ್‌ಲೆಟ್ ಕಡಿಮೆಯಿದ್ದರೆ ರಕ್ತ ಬೇಗ ನಿಲ್ಲದು. ಹಾಗಾಗಿ ಇತ್ತೀಚಿನ ರಕ್ತಪರೀಕ್ಷೆಯ ವರದಿಯನ್ನು ವೈದ್ಯರಿಗೆ ತೋರಿಸಿ, ಹರಿತವಾದ ಬ್ಲೇಡ್ ಬಳಸುವ ಕೆಲಸವೆಂದು ಬಿಡಿಸಿ ಹೇಳಿ ಕೇಳಿ. ಅವರು ಒಪ್ಪಿದ ಮೇಲೂ ಭಾಗಗಳನ್ನು ಅವು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ನಿಪ್ಪರ್‌ನಲ್ಲೇ (ಕತ್ತರಿಸುವ ಪುಟ್ಟ ಇಕ್ಕಳ) ಬಿಡಿಸಿ. ಒಂದು ಮಿಲಿಮೀಟರಿನಷ್ಟು ಪ್ಲಾಸ್ಟಿಕ್ ಉಳಿಸಿ ಕತ್ತರಿಸಿ, ಉಳಿದದ್ದನ್ನು ನೀರಿನಲ್ಲಿ ನೆನೆಸಿದ ಸ್ಯಾಂಡ್‌ಪೇಪರ್‌ನಿಂದ ಉಜ್ಜಿ ತೆಗೆಯಿರಿ. ಒದ್ದೆಯಾಗಿ ಉಜ್ಜಿದರೆ ದೂಳೂ ಏಳುವುದಿಲ್ಲ.

ವಾಸನೆಯ ವಿಷಯದಲ್ಲಿ ನಿಮ್ಮ ಅನುಮಾನ ಸರಿಯಾದದ್ದೇ. ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವ ಅಂಟುಗಳಲ್ಲಿ ಬ್ಯುಟನೋನ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕಗಳಿರುತ್ತವೆ; ಚಿಕಿತ್ಸೆಯಿಂದ ವಾಕರಿಕೆ ಅನುಭವಿಸಿದ ದೇಹಕ್ಕೆ ಅವು ಸಲ್ಲವು. ಕಿಟಕಿ ತೆರೆದ ಕೋಣೆಯಲ್ಲಿ ಕೂತು, ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ಕುಂಚದಿಂದ ಹಚ್ಚಿ. ಬಣ್ಣವನ್ನು ಗಾಳಿಯಲ್ಲಿ ಸಿಂಪಡಿಸುವ ಏರ್‌ಬ್ರಷ್ ಸದ್ಯಕ್ಕೆ ಬೇಡ.

ದಣಿವಾಗುವ ಮೊದಲೇ, ಇಪ್ಪತ್ತು ನಿಮಿಷಕ್ಕೆ ಏಳಿ. ಎಲ್ಲಿಗೆ ನಿಂತಿತೆಂದು ಒಂದು ಚೀಟಿಯಲ್ಲಿ ಬರೆದಿಡಿ, ಈ ದಿನಗಳಲ್ಲಿ ಮರೆವು ಸಹಜ. ಸ್ಪಿಟ್‌ಫೈರ್‌ನ ಡೆಕಾಲ್ (ಮೈಮೇಲೆ ಅಂಟಿಸುವ ಗುರುತುಗಳ) ಹಾಳೆಯನ್ನು ತೇವ ತಾಗದಂತೆ ಸುತ್ತಿ ಪೆಟ್ಟಿಗೆಯಲ್ಲಿಡಿ. ಚಿಮುಟದ ಹಿಡಿತ ಎಷ್ಟು ಬಿಗಿಯಾಗಿದೆ ಎಂದು ನೋಡದೆಯೇ ಬೆರಳಿಗೆ ತಿಳಿಯತೊಡಗಿದಾಗ ಅದನ್ನು ತೆರೆಯಿರಿ.