ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲಿ ಮಾರ್ಗರಿಟಾ

ಪ್ರಶ್ನೆ: ಮಾರ್ಗರಿಟಾ ಕಾಕ್‌ಟೇಲ್ ಮಾಡಲು ‘ಲೈಮ್’ ಬೇಕೆಂದು ಎಲ್ಲ ಕಡೆಯೂ ಬರೆದಿರುತ್ತಾರೆ. ದೊಡ್ಡ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವ ದಪ್ಪನೆಯ ಹಸಿರು ಹಣ್ಣನ್ನೇ ತರಬೇಕೇ, ಸಂತೆಯ ನಿಂಬೆಹಣ್ಣು ಸಾಲದೇ? ಸರಿಯಾದ ಅಳತೆಯನ್ನೂ ತಿಳಿಸಿ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಸಂತೆಯ ನಿಂಬೆಹಣ್ಣನ್ನೇ ತನ್ನಿ, ಈ ಪಾನೀಯಕ್ಕೆ ಅದಕ್ಕಿಂತ ಒಳ್ಳೆಯ ಹಣ್ಣು ಸಿಗುವುದಿಲ್ಲ. ಮೆಕ್ಸಿಕೋದ ಕೊಲಿಮಾ ಮತ್ತು ಮಿಚೊಆಕಾನ್ ರಾಜ್ಯಗಳಲ್ಲಿ ಹೇರಳವಾಗಿ ಬೆಳೆಯುವ, ಅಲ್ಲಿನ ಮನೆಮನೆಯಲ್ಲೂ ಬಳಸುವ ತೆಳುಸಿಪ್ಪೆಯ ಚಿಕ್ಕ ಹಣ್ಣೂ ನಮ್ಮ ವಿಜಯಪುರ ಜಿಲ್ಲೆಯ ಇಂಡಿಯ ತೋಟಗಳಿಂದ ಬರುವ ಕಾಗ್ಜಿ ನಿಂಬೆಯೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಜಾತಿಯವು. ಮೂಲತಃ ಏಷ್ಯಾದ್ದಾದ ಈ ಹಣ್ಣನ್ನು ಅಮೆರಿಕ ಖಂಡಕ್ಕೆ ಒಯ್ದವರು ಸ್ಪೇನಿನವರು. ನೀವು ಅಂಗಡಿಯಲ್ಲಿ ಕಂಡಿರುವ ದಪ್ಪನೆಯ, ಬೀಜವಿಲ್ಲದ ಹಣ್ಣು ಪರ್ಷಿಯನ್ ಲೈಮ್ ಇರಬೇಕು. ಅದರಲ್ಲಿ ರಸ ಹೆಚ್ಚು, ಆದರೆ ಹುಳಿಯೂ ಘಮವೂ ನಮ್ಮ ನಿಂಬೆಯಷ್ಟು ತೀಕ್ಷ್ಣವಲ್ಲ.

ಅಳತೆಯ ಲೆಕ್ಕ ಬದಲಾಗುವುದು ಇಲ್ಲಿಯೇ. ಟಕೀಲಾ ಎಂಬ ಮೆಕ್ಸಿಕನ್ ಮದ್ಯ, ಕಿತ್ತಳೆಯ ಲಿಕರ್ (ಕಿತ್ತಳೆಯ ಘಮದ ಸಿಹಿ ಮದ್ಯ) ಮತ್ತು ನಿಂಬೆರಸ ಸೇರಿದ ಇದೇ ಪಾನೀಯವು 1937ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕಾಕ್‌ಟೇಲ್ ಪುಸ್ತಕವೊಂದರಲ್ಲಿ ‘ಪಿಕಡಾರ್’ ಎಂಬ ಹೆಸರಿನಲ್ಲಿದ್ದು, ಅಲ್ಲಿ ಎರಡು ಪಾಲು ಟಕೀಲಾಕ್ಕೆ ಉಳಿದವು ಒಂದೊಂದು ಪಾಲು. ಅಂತರರಾಷ್ಟ್ರೀಯ ಬಾರ್‌ಟೆಂಡರುಗಳ ಸಂಘವು ಈಗ ಮಾನ್ಯ ಮಾಡಿರುವ ಅಳತೆಯಲ್ಲಿ ಟಕೀಲಾ 50 ಮಿ.ಲೀ., ಟ್ರಿಪಲ್ ಸೆಕ್ (ಕಿತ್ತಳೆಯ ಲಿಕರಿನ ಒಂದು ಬಗೆ) 20 ಮಿ.ಲೀ., ನಿಂಬೆರಸ 15 ಮಿ.ಲೀ. ಇದೆ. ನಮ್ಮ ನಿಂಬೆಯ ಹುಳಿಗೆ ಈ ಎರಡನೆಯದೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. 15 ಮಿ.ಲೀ. ರಸದಿಂದ ಆರಂಭಿಸಿ, ಒಂದು ಗುಟುಕು ರುಚಿ ನೋಡಿ, ಬೇಕೆನಿಸಿದರೆ ಇನ್ನು 5 ಮಿ.ಲೀ. ಸೇರಿಸಿ. ಹಣ್ಣನ್ನು ಆಗಲೇ ಹಿಂಡಬೇಕು. ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟ ರಸವಾಗಲಿ, ಬಾಟಲಿಯಲ್ಲಿ ಸಿಗುವ ಸಿದ್ಧ ಹುಳಿ ಮಿಶ್ರಣವಾಗಲಿ ಬೇಡ. ಮೂರೇ ಪದಾರ್ಥಗಳಿರುವ ಪಾನೀಯದಲ್ಲಿ ಒಂದು ಹಳಸಿದರೆ ಅದನ್ನು ಮರೆಮಾಚಲು ಬೇರೇನೂ ಇರುವುದಿಲ್ಲ. ಕೊನೆಯ ಹನಿಯವರೆಗೂ ಸಿಪ್ಪೆಯನ್ನು ಜಜ್ಜಿ ಹಿಂಡಬೇಡಿ, ರಸಕ್ಕೆ ಕಹಿ ಇಳಿಯುತ್ತದೆ.

ಪ್ರಶ್ನೆ: ಯಾವ ಟಕೀಲಾ ಕೊಳ್ಳಬೇಕು? ಕಿತ್ತಳೆಯ ಲಿಕರ್ ಬಹಳ ದುಬಾರಿ. ಅದರ ಬದಲು ಕಿತ್ತಳೆ ಸ್ಕ್ವಾಶ್ ಹಾಕಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬಾಟಲಿಯ ಮೇಲೆ ‘100% ಅಗಾವೆ’ ಎಂದು ಬರೆದಿರುವುದನ್ನು ನೋಡಿ ಕೊಳ್ಳಿ. ಅಗಾವೆ ಎಂದರೆ ನಮ್ಮ ಹೊಲದ ಬದುಗಳಲ್ಲಿ ಬೇಲಿಗಾಗಿ ನೆಡುವ ಕತ್ತಾಳೆಯ ಕುಲದ ಗಿಡ. ಅದರ ನೀಲಿ ಛಾಯೆಯ ಒಂದು ತಳಿ ಮೆಕ್ಸಿಕೋದ ಹಲಿಸ್ಕೊ ರಾಜ್ಯದ ಟಕೀಲಾ ಪಟ್ಟಣದ ಸುತ್ತಮುತ್ತ ಬೆಳೆಯುತ್ತದೆ. ಹಲವು ವರ್ಷ ಬಲಿತ ಮೇಲೆ ಎಲೆಗಳನ್ನು ಸವರಿ, ನಡುವಿನ ಗಡ್ಡೆಯನ್ನು ಬೇಯಿಸಿ, ರಸ ತೆಗೆದು, ಹುದುಗಿಸಿ, ಎರಡು ಬಾರಿ ಬಟ್ಟಿ ಇಳಿಸುತ್ತಾರೆ. 100% ಎಂದು ನಮೂದಿಸದ ಟಕೀಲಾದಲ್ಲಿ ಹುದುಗಿಸುವ ಸಕ್ಕರೆಯ 49 ಪ್ರತಿಶತದವರೆಗೆ ಬೇರೆ ಮೂಲದ್ದಾಗಿರಲು ಅಲ್ಲಿನ ನಿಯಮವೇ ಅವಕಾಶ ಕೊಡುತ್ತದೆ. ಅಷ್ಟರ ಮಟ್ಟಿಗೆ ಗಿಡದ ಸ್ವಂತ ರುಚಿ ತೆಳುವಾಗುತ್ತದೆ. ಮಾರ್ಗರಿಟಾಕ್ಕೆ ಬಣ್ಣವಿಲ್ಲದ ‘ಬ್ಲಾಂಕೊ’ ಸಾಕು. ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ಟಕೀಲಾವನ್ನು ಹಾಗೆಯೇ ಸವಿಯುವುದು ಮೇಲು.

ಸ್ಕ್ವಾಶ್ ಖಂಡಿತ ಬೇಡ. ಕಿತ್ತಳೆಯ ಲಿಕರಿಗೆ ಘಮ ಬರುವುದು ಸಿಪ್ಪೆಯ ಎಣ್ಣೆಯಿಂದ, ಹಣ್ಣಿನ ರಸದಿಂದಲ್ಲ. ಹೀಗಾಗಿ ಸ್ಕ್ವಾಶ್ ಸಿಹಿಯನ್ನಷ್ಟೇ ಕೊಟ್ಟೀತು. ಲಿಕರ್ ಬಿಟ್ಟೇ ಮಾಡುವುದಾದರೆ ಎರಡು ದಾರಿಗಳಿವೆ. ಸ್ಯಾನ್ ಫ್ರಾನ್ಸಿಸ್ಕೋದ ‘ಟಾಮೀಸ್’ ಎಂಬ ಮೆಕ್ಸಿಕನ್ ರೆಸ್ಟೋರೆಂಟಿನ ಹೂಲಿಯೊ ಬರ್ಮೆಹೊ ಅವರು ಲಿಕರ್ ಕೈಬಿಟ್ಟು ಅಗಾವೆಯ ಪಾಕವನ್ನೇ ಹಾಕಿ ಮಾಡಿದ ಮಾರ್ಗರಿಟಾ ಈಗ ಜಗತ್ತಿನಾದ್ಯಂತ ಮನ್ನಣೆ ಪಡೆದಿದೆ. ಇನ್ನೊಂದು ಪೂರ್ತಿ ಮನೆಯದೇ ಉಪಾಯ: ಕಿತ್ತಳೆಯ ಮೇಲ್ಸಿಪ್ಪೆಯನ್ನು ಬಿಳಿ ಭಾಗ ಬರದಂತೆ ತೆಳ್ಳಗೆ ಹೆರೆದು, ಎರಡು ದೊಡ್ಡ ಚಮಚ ಸಕ್ಕರೆಯೊಂದಿಗೆ ಚೆನ್ನಾಗಿ ಉಜ್ಜಿ, ಸಕ್ಕರೆ ಒದ್ದೆಯಾಗುವವರೆಗೆ ಮುಚ್ಚಿಡಿ. ಬಳಿಕ ಅಷ್ಟೇ ಬಿಸಿನೀರಿನಲ್ಲಿ ಕರಗಿಸಿ, ಸೋಸಿ, ಆರಿಸಿಕೊಳ್ಳಿ. ಕೊಡಗಿನ ಕಿತ್ತಳೆ ಸಿಗುವ ಕಾಲದಲ್ಲಿ ಇದನ್ನು ಅವಶ್ಯವಾಗಿ ಮಾಡಿನೋಡಿ. ಒಂದು ಲೋಟಕ್ಕೆ ಈ ಪಾಕ 15 ಮಿ.ಲೀ. ಸಾಕು.

ಪ್ರಶ್ನೆ: ನಮ್ಮಲ್ಲಿ ಶೇಕರ್ ಇಲ್ಲ. ಮಿಕ್ಸಿಯಲ್ಲಿ ಐಸ್ ಸೇರಿಸಿ ತಿರುವಿದರೆ ಆಗದೇ? ಲೋಟದ ಅಂಚಿಗೆ ಉಪ್ಪು ಹಚ್ಚಲೇಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಮಿಕ್ಸಿಯಲ್ಲಿ ತಿರುವಿದ್ದು ಬೇರೆ ಬಗೆಯ ಮಾರ್ಗರಿಟಾ. ಡಲ್ಲಾಸ್ ನಗರದ ಮರಿಯಾನೊ ಮಾರ್ಟಿನೆಜ್ ಅವರು 1971ರಲ್ಲಿ ಐಸ್‌ಕ್ರೀಮ್ ಯಂತ್ರವನ್ನು ಮಾರ್ಪಡಿಸಿ ಅದನ್ನು ಜನಪ್ರಿಯಗೊಳಿಸಿದರು. ಆ ಯಂತ್ರ ಇಂದು ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅತಿಯಾದ ತಣ್ಪಿನಲ್ಲಿ ನಾಲಿಗೆಗೆ ಸಿಹಿ ಸರಿಯಾಗಿ ತಿಳಿಯದಿರುವುದರಿಂದ ಅದಕ್ಕೆ ಸಕ್ಕರೆ ಹೆಚ್ಚು ಬೇಕಾಗುತ್ತದೆ. ನಿಮಗೆ ಬೇಕಾದದ್ದು ಮೂಲದ ಪಾನೀಯವಾದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಶೇಕರಿನ ಕೆಲಸ ಮಾಡುತ್ತದೆ. ಮೂರನ್ನೂ ಹಾಕಿ, ಡಬ್ಬಿಯ ತುಂಬ ದೊಡ್ಡ ಐಸ್ ತುಂಡುಗಳನ್ನು ಸೇರಿಸಿ, ಹತ್ತು ಹದಿನೈದು ಸೆಕೆಂಡು ಜೋರಾಗಿ ಕುಲುಕಿ, ಡಬ್ಬಿಯ ಹೊರಮೈ ಮಂಜುಗಟ್ಟಿದಾಗ ಸೋಸಿಕೊಳ್ಳಿ. ಆಗ ಕರಗಿ ಸೇರುವ ನೀರು ಪಾನೀಯದ ಅಗತ್ಯ ಅಂಶವೇ. ಅದಿಲ್ಲದಿದ್ದರೆ ಮದ್ಯ ಗಂಟಲನ್ನು ಸುಡುತ್ತದೆ. ಐಸ್ ಕಡಿಮೆ ಹಾಕಿದರೆ ಪಾನೀಯ ತಣ್ಣಗಾಗುವ ಮೊದಲೇ ಐಸೆಲ್ಲ ಕರಗಿಹೋಗುತ್ತದೆ.

ಉಪ್ಪು ಕಹಿಯನ್ನು ತಗ್ಗಿಸುತ್ತದೆ, ಆದ್ದರಿಂದ ಅದು ಇರಲಿ. ಪುಡಿ ಉಪ್ಪಿನ ಬದಲು ಕಲ್ಲುಪ್ಪನ್ನು ತರಿತರಿಯಾಗಿ ಕುಟ್ಟಿಕೊಂಡು, ಲೋಟದ ಹೊರ ಅಂಚಿನ ಅರ್ಧ ಸುತ್ತಿಗೆ ಮಾತ್ರ ನಿಂಬೆಹೋಳು ಸವರಿ ಹಚ್ಚಿ. ಒಳಗೆ ಉದುರುವುದಿಲ್ಲ, ಉಪ್ಪು ಬೇಡವಾದವರು ಇನ್ನೊಂದು ಬದಿಯಿಂದ ಕುಡಿಯಬಹುದು.

ಪ್ರಶ್ನೆ: ಇದು ಹಗುರವಾದ ಪಾನೀಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಲ್ಲ. ಟಕೀಲಾ, ಲಿಕರ್ ಎರಡರಲ್ಲೂ ಆಲ್ಕೋಹಾಲ್ 40% ಇದ್ದರೆ, ಮೇಲಿನ ಅಳತೆಯ ಒಂದು ಲೋಟದಲ್ಲಿ 28 ಮಿ.ಲೀ. ಶುದ್ಧ ಆಲ್ಕೋಹಾಲ್ ಇರುತ್ತದೆ. ನಮ್ಮಲ್ಲಿ ಸಾಮಾನ್ಯವಾದ 42.8% ವಿಸ್ಕಿಯ ಲೆಕ್ಕದಲ್ಲಿ ಅದು 30 ಮಿ.ಲೀ.ನ ಎರಡು ಪೆಗ್ಗುಗಳಿಗಿಂತ ತುಸು ಹೆಚ್ಚು. ಹುಳಿ-ಸಿಹಿಯ ನಡುವೆ ಆ ತೀವ್ರತೆ ನಾಲಿಗೆಗೆ ಗೊತ್ತಾಗುವುದಿಲ್ಲ. ಅತಿಥಿಗಳಿಗೆ ಕೊಡುವ ಮುನ್ನ ಇದನ್ನು ಬಾಯಿಬಿಟ್ಟು ಹೇಳಿ, ಜೊತೆಗೆ ಊಟ ಮತ್ತು ನೀರು ಇರಲಿ, ವಾಹನ ಓಡಿಸಬೇಕಾದವರಿಗೆ ಕೊಡಲೇಬೇಡಿ. ಅವರಿಗೆ ಕಿತ್ತಳೆಸಿಪ್ಪೆಯ ಅದೇ ಪಾಕ, ನಿಂಬೆರಸ ಮತ್ತು ಸೋಡಾ ಬೆರೆಸಿ, ಉಪ್ಪು ಹಚ್ಚಿದ ಲೋಟದಲ್ಲಿಯೇ ಕೊಡಬಹುದು.