ಮಳೆಯಲ್ಲಿ ಜಾರುವ ಡಿಸ್ಕ್

ಪ್ರಶ್ನೆ: ನಮ್ಮ ಕಾಲೇಜಿನ ಅಲ್ಟಿಮೇಟ್ ಫ್ರಿಸ್ಬಿ (ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕ್ ಎಸೆದು ಹಿಡಿಯುವ ಆಟ) ತಂಡ ಜುಲೈಯಲ್ಲಿ ಮಂಗಳೂರಿನ ಟೂರ್ನಿಗೆ ಹೋಗಿತ್ತು. ಮಳೆಗೆ ಡಿಸ್ಕ್ ಕೈಯಲ್ಲೇ ನಿಲ್ಲಲಿಲ್ಲ, ಮೂರೂ ಮ್ಯಾಚ್ ಸೋತೆವು. ಅಂಪೈರ್ ಕೂಡ ಇಲ್ಲ. ಯಾರಲ್ಲಿ ದೂರುವುದು?
– ಓದುಗ, ಮಣಿಪಾಲ

ಉತ್ತರ: ಯಾರಲ್ಲೂ ಇಲ್ಲ ಮಾರಾಯ್ರೇ! ಫೌಲ್ ಆದರೆ ಆಟಗಾರರೇ ಕೂಗಿ, ಮಾತಾಡಿ ಮುಗಿಸಬೇಕು. ಈ ಆಟದ ಚಂದವೇ ಅದು.

ನಾನೂ ಆಡಿದವನೇ. ಸುರತ್ಕಲ್ ಕಡೆಯ ಮೈದಾನ, ಮೊಣಕಾಲಿನ ತನಕ ಕೆಂಪು ಕೆಸರು. ಜೋರಾಗಿ ಫೋರ್‌ಹ್ಯಾಂಡ್ ಬೀಸಿದೆ. ಡಿಸ್ಕ್ ಬೆರಳಿಂದ ಜಾರಿ, ಕೊಡೆ ಹಿಡಿದು ನಿಂತಿದ್ದ ನಮ್ಮ ಸರ್ ಹೊಟ್ಟೆಗೇ ಹೋಯಿತು! ಪಾಪ, ಅವರು ಅದನ್ನು ಹಿಡಿದೂ ಬಿಟ್ಟರು. ನಮ್ಮ ತಂಡದಲ್ಲಿ ಅವತ್ತಿನ ಒಳ್ಳೆ ಕ್ಯಾಚ್ ಅದೊಂದೇ.

175 ಗ್ರಾಂ ಪ್ಲಾಸ್ಟಿಕ್, ಒದ್ದೆಯಾದರೆ ಸೋಪಿನ ಹಾಗೆ. ಎರಡು ಬೆರಳನ್ನು ಒಳ ಅಂಚಿಗೆ ಒತ್ತಿ ಹಿಡಿಯಿರಿ. ಉದ್ದದ ಎಸೆತ ಬೇಡ, ಹತ್ತಿರದವರಿಗೇ ಕೊಡಿ. ಡಿಸ್ಕ್ ಕೈಗೆ ಬಂದ ಮೇಲೆ ಎದುರಾಳಿ ಹತ್ತು ಎಣಿಸುವ ತನಕ ಎಸೆಯಲು ಸಮಯ ಇದೆ ಅಲ್ವಾ, ಸುಮ್ನೆ ಗಡಿಬಿಡಿ ಯಾಕೆ? ಹಿಡಿಯುವಾಗ ಎರಡೂ ಕೈ, ಚಪ್ಪಾಳೆ ತಟ್ಟಿದ ಹಾಗೆ. ಪಾಯಿಂಟ್ ಮುಗಿದ ಕೂಡಲೇ ಕೈ ಒರೆಸಿಕೊಳ್ಳಲು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಒಣ ಬೈರಾಸು ಇರಲಿ. ಚೀಲದ ಬಾಯಿ ಕಟ್ಟಲು ನಾವು ಮರೆತಿದ್ದೆವು.