ರಂಗದ ಮಾತು: ಮ್ಯಾಕ್‌ಬೆತ್‌ಗೆ ಗೊತ್ತಿರಲಿಲ್ಲವೇ?

ಹೋದ ಸಂಚಿಕೆಯಲ್ಲಿ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಬಗ್ಗೆ ಒಂದು ಮಾತು ಬರೆದಿದ್ದೆ. ಅದು ಆಸೆಯಿಂದ ಕಣ್ಣು ಕಟ್ಟಿದವನ ಕಥೆಯಲ್ಲ, ಕಣ್ಣು ಬಿಟ್ಟುಕೊಂಡೇ ಹಳ್ಳಕ್ಕೆ ಇಳಿದವನ ಕಥೆ ಅಂತ. ಅದಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ನಾಟಕ ಓದದವರಿಗೆ ಕಥೆ ಇಷ್ಟು: ಸ್ಕಾಟ್ಲೆಂಡಿನ ಸೇನಾನಿ ಮ್ಯಾಕ್‌ಬೆತ್ ಯುದ್ಧ ಗೆದ್ದು ಬರುವಾಗ ಮೂವರು ಮಾಟಗಾತಿಯರು ಎದುರಾಗಿ ‘ಮುಂದೆ ನೀನು ರಾಜನಾಗುತ್ತೀಯ’ ಅನ್ನುತ್ತಾರೆ. ಮನೆಗೆ ಅತಿಥಿಯಾಗಿ ಬಂದ ರಾಜ ಡಂಕನ್‌ನನ್ನು ಅವನು ಹೆಂಡತಿಯ ಒತ್ತಾಯಕ್ಕೆ ರಾತ್ರಿ ಇರಿದು ಕೊಂದು ಪಟ್ಟಕ್ಕೇರುತ್ತಾನೆ. ಆಮೇಲೆ ಪಟ್ಟ ಉಳಿಸಿಕೊಳ್ಳಲು ಕೊಲೆಯ ಮೇಲೆ ಕೊಲೆ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಮ್ಯಾಕ್‌ಬೆತ್‌ನ ಪತನಕ್ಕೆ ಮಾಟಗಾತಿಯರು ಕಾರಣವೋ, ಹೆಂಡತಿಯೋ, ಅವನ ಮಹತ್ವಾಕಾಂಕ್ಷೆಯೋ ಅಂತ ಪರೀಕ್ಷೆಯಲ್ಲಿ ಕೇಳುತ್ತಾರೆ. ಮೂರನ್ನೂ ಸ್ವಲ್ಪ ಸ್ವಲ್ಪ ಬರೆದರೆ ಅಂಕ ಬರುತ್ತದೆ. ನಿಜವಾದ ಉತ್ತರ ಯಾವುದು?

ಉತ್ತರ: ಅಂಕಕ್ಕೆ ಮೂರನ್ನೂ ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಮಾಟಗಾತಿಯರು ಎಲ್ಲೂ ‘ಕೊಲ್ಲು’ ಅಂದಿಲ್ಲ. ರಾಜನಾಗುತ್ತೀಯ ಅಂದರು, ಅಷ್ಟೇ. ಅದನ್ನು ಕೇಳಿ ಮ್ಯಾಕ್‌ಬೆತ್ ಬೆಚ್ಚಿಬೀಳುತ್ತಾನೆ. ಇಷ್ಟು ಒಳ್ಳೆಯ ಮಾತಿಗೆ ಯಾಕೆ ಹೆದರುತ್ತೀಯ ಅಂತ ಪಕ್ಕದಲ್ಲಿದ್ದ ಗೆಳೆಯ ಬ್ಯಾಂಕೋ ಕೇಳುತ್ತಾನೆ. ಒಳ್ಳೆಯ ಸುದ್ದಿಗೆ ಬೆಚ್ಚಿಬೀಳುವವರು ಯಾರು? ಒಳಗೆ ಆಗಲೇ ಏನೋ ಇಟ್ಟುಕೊಂಡವರು. ಬ್ಯಾಂಕೋಗೂ ಒಂದು ಭವಿಷ್ಯ ಸಿಕ್ಕಿತ್ತು, ನಿನ್ನ ವಂಶದವರು ರಾಜರಾಗುತ್ತಾರೆ ಅಂತ. ಅವನು ಅದಕ್ಕಾಗಿ ಯಾರನ್ನೂ ಇರಿಯಲಿಲ್ಲ.

ಇನ್ನು ಹೆಂಡತಿ. ಮೊದಲ ಅಂಕದ ಕೊನೆಯ ದೃಶ್ಯಕ್ಕೆ ಬನ್ನಿ. ಒಳಗೆ ರಾಜನಿಗೆ ಊಟ ನಡೆದಿದೆ. ಮ್ಯಾಕ್‌ಬೆತ್ ನಡುವೆ ಎದ್ದು ಹೊರಗೆ ಬಂದು ಒಬ್ಬನೇ ಲೆಕ್ಕ ಹಾಕುತ್ತಾನೆ. ನಾನು ಇವನ ನೆಂಟ. ಇವನ ಪ್ರಜೆ. ಇವತ್ತು ಇವನಿಗೆ ಆತಿಥ್ಯ ಕೊಟ್ಟವನು. ಕೊಲೆಗಾರನಿಗೆ ಬಾಗಿಲು ಹಾಕಬೇಕಾದ ನಾನೇ ಚೂರಿ ಹಿಡಿಯುವುದೇ? ರಾಜ ಒಳ್ಳೆಯವನು ಬೇರೆ. ಇಂಥದ್ದಕ್ಕೆ ತೀರ್ಪು ಇಲ್ಲೇ ಸಿಗುತ್ತದೆ, ನಾವು ಕಲಿಸಿದ ಪಾಠ ನಮಗೇ ತಿರುಗುತ್ತದೆ. ಕೊನೆಗೆ ಅವನೇ ಒಪ್ಪುತ್ತಾನೆ, ನನ್ನನ್ನು ದೂಡಲು ಮಹತ್ವಾಕಾಂಕ್ಷೆ ಬಿಟ್ಟರೆ ಬೇರೆ ಏನೂ ಇಲ್ಲ ಅಂತ. ಅವನ ಮೇಲೆ ಇದಕ್ಕಿಂತ ಪಕ್ಕಾ ಆರೋಪಪಟ್ಟಿ ಯಾವ ವಿಮರ್ಶಕನೂ ಬರೆಯಲಾರ. ಹೆಂಡತಿ ಹುಡುಕಿಕೊಂಡು ಬಂದಾಗ ‘ಈ ವಿಚಾರ ಇಲ್ಲಿಗೇ ಸಾಕು’ ಅಂತಲೂ ಹೇಳುತ್ತಾನೆ.

ಆದರೆ ಅವಳಿಗೆ ಕೊಡುವ ಕಾರಣ ನೋಡಿ. ರಾಜ ಈಚೆಗೆ ನನ್ನನ್ನು ಗೌರವಿಸಿದ್ದಾನೆ, ಜನ ನನ್ನ ಬಗ್ಗೆ ಒಳ್ಳೆಯ ಮಾತಾಡುತ್ತಿದ್ದಾರೆ, ಅಷ್ಟು ಬೇಗ ಅದನ್ನು ಬಿಸಾಡುವುದೇಕೆ. ನೆಂಟ, ಪ್ರಜೆ, ಅತಿಥಿ, ಯಾವುದೂ ಅವಳ ಮುಂದೆ ಬಾಯಿಗೆ ಬರುವುದಿಲ್ಲ. ಅವಳು ನೀನು ಗಂಡಸೇ ಅಂತ ಹಂಗಿಸುತ್ತಾಳೆ. ಸ್ವಲ್ಪ ಹೊತ್ತಿಗೆ ಅವನು ಕೇಳುವುದು ಒಂದೇ ಪ್ರಶ್ನೆ: ‘ಒಂದು ವೇಳೆ ಕೈಗೂಡದಿದ್ದರೆ?’ ನನ್ನ ಪ್ರಕಾರ ಇಡೀ ನಾಟಕ ತಿರುಗುವುದು ಇಲ್ಲಿ. ಇದು ಸರಿಯೇ ಅಂತ ಕೇಳುತ್ತಿದ್ದವನು ಸಿಕ್ಕಿಬಿದ್ದರೆ ಏನು ಗತಿ ಅಂತ ಕೇಳತೊಡಗಿದ. ಅವನ ಮನಸ್ಸಾಕ್ಷಿಯನ್ನು ವಾದದಲ್ಲಿ ಯಾರೂ ಸೋಲಿಸಲಿಲ್ಲ. ಅದನ್ನು ವಾದಕ್ಕೇ ಕರೆಯಲಿಲ್ಲ.

ಪ್ರಶ್ನೆ: ಮೊದಲೆಲ್ಲ ಕಲ್ಲಿನಂತಿದ್ದ ಲೇಡಿ ಮ್ಯಾಕ್‌ಬೆತ್ ಐದನೆಯ ಅಂಕದಲ್ಲಿ ಇದ್ದಕ್ಕಿದ್ದಂತೆ ನಿದ್ದೆಯಲ್ಲಿ ನಡೆಯುತ್ತ ಕೈ ತೊಳೆಯುತ್ತಾಳೆ. ನಂಬಲು ಆಗುವುದಿಲ್ಲ. ನಾಟಕಕಾರನಿಗೆ ಅವಸರವಾಯಿತೇ?

ಉತ್ತರ: ಈ ದೂರು ಹಳೆಯದು, ನಾಟಕದ ಜನರಲ್ಲೂ ಇದೆ. ನಾನು ಆ ಪಾತ್ರ ಮಾಡಿದವಳಲ್ಲ. ಅವಳ ಹಿಂದೆ ನಿಂತು ನೋಡುವ ಸಖಿಯ ಪಾತ್ರ ಮಾಡಿದವಳು. ಹತ್ತಿರದಿಂದ ನೋಡಿ ಹೇಳುತ್ತೇನೆ: ಅವಳು ಕಲ್ಲು ಆಗಿರಲೇ ಇಲ್ಲ. ಕಲ್ಲಾಗಬೇಕು ಅಂತ ಬೇಡಿಕೊಂಡವಳು. ಗಂಡನ ಪತ್ರ ಓದಿದ ಮೇಲೆ ಅವಳು ದುಷ್ಟ ಶಕ್ತಿಗಳನ್ನು ಕರೆದು ಕೇಳುವುದೇನು? ನನ್ನ ರಕ್ತ ದಪ್ಪ ಮಾಡಿ, ಮರುಕ ಒಳಗೆ ಬರುವ ದಾರಿ ಮುಚ್ಚಿ ಅಂತ. ದಾರಿ ಇದೆ ಅಂತ ಗೊತ್ತಿದ್ದವರಿಗೆ ಮಾತ್ರ ಮುಚ್ಚುವ ಯೋಚನೆ ಬರುತ್ತದೆ. ಕೊಲೆಯ ರಾತ್ರಿ ಧೈರ್ಯಕ್ಕೆ ಮದ್ಯ ಕುಡಿದಿದ್ದಾಳೆ. ಮಲಗಿದ್ದ ರಾಜ ತನ್ನ ಅಪ್ಪನ ಹಾಗೆ ಕಾಣದಿದ್ದರೆ ತಾನೇ ಮುಗಿಸುತ್ತಿದ್ದೆ ಅನ್ನುತ್ತಾಳೆ. ಎಷ್ಟೋ ಪ್ರದರ್ಶನಗಳಲ್ಲಿ ಆ ಸಾಲನ್ನು ಕಂಠಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸುತ್ತಾರೆ. ನನಗೆ ಹೊಟ್ಟೆ ಉರಿಯುತ್ತದೆ.

ಕೊಲೆಯಾದ ಮೇಲೆ ಮ್ಯಾಕ್‌ಬೆತ್ ಏನೇನೋ ಹೇಳುತ್ತಾನೆ. ಕಾವಲುಗಾರರು ನಿದ್ದೆಗಣ್ಣಲ್ಲಿ ‘ದೇವರೇ ಕಾಪಾಡು’ ಅಂದರಂತೆ, ಅವನಿಗೆ ‘ಆಮೆನ್’ ಅನ್ನಲು ಆಗಲಿಲ್ಲವಂತೆ, ಗಂಟಲಲ್ಲೇ ಸಿಕ್ಕಿಕೊಂಡಿತಂತೆ. ಇನ್ನು ನಿದ್ದೆಯಿಲ್ಲ, ಮ್ಯಾಕ್‌ಬೆತ್ ನಿದ್ದೆಯನ್ನೇ ಕೊಂದ ಅನ್ನುವ ದನಿ ಕೇಳಿಸಿತಂತೆ. ಅವಳ ಉತ್ತರ: ಇದನ್ನೆಲ್ಲ ಹೀಗೆ ಯೋಚಿಸಬಾರದು, ಹುಚ್ಚು ಹಿಡಿಯುತ್ತದೆ. ಸ್ವಲ್ಪ ನೀರು ಹಾಕಿದರೆ ಹೋಗುತ್ತದೆ. ಅವನು ಆ ರಾತ್ರಿಯೇ ಎಲ್ಲವನ್ನೂ ಬಾಯಿಬಿಟ್ಟು ಹೇಳಿಕೊಂಡ. ಹೇಳಿಕೊಳ್ಳಲು ಅವನಿಗೆ ಅವಳಿದ್ದಳು. ಅವಳಿಗೆ ಯಾರಿದ್ದರು?

ಮೂರನೆಯ ಅಂಕದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಒಬ್ಬಳೇ ಇದ್ದಾಗ, ಎಲ್ಲ ಕಳೆದುಕೊಂಡೆವು, ಏನೂ ದಕ್ಕಲಿಲ್ಲ ಅಂತ ಅವಳು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಮರುಕ್ಷಣ ಗಂಡ ಒಳಗೆ ಬರುತ್ತಾನೆ. ಆಗಿದ್ದು ಆಗಿಹೋಯಿತು ಬಿಡು ಅಂತ ಅವನಿಗೇ ಸಮಾಧಾನ ಹೇಳುತ್ತಾಳೆ! ಅವನು ಬ್ಯಾಂಕೋನ ಕೊಲೆಗೆ ಆಗಲೇ ಜನ ಗೊತ್ತು ಮಾಡಿದ್ದಾನೆ. ಅವಳಿಗೆ ತಿಳಿಸುವುದಿಲ್ಲ, ಆಮೇಲೆ ಹೊಗಳುವೆಯಂತೆ ಅನ್ನುತ್ತಾನೆ. ಜೊತೆಯಾಗಿ ಪಾಪ ಮಾಡಿದವರು ಈಗ ಒಬ್ಬರಿಗೊಬ್ಬರು ಮುಚ್ಚಿಡುತ್ತಿದ್ದಾರೆ. ಔತಣದಲ್ಲಿ ಅವನಿಗೆ ಬ್ಯಾಂಕೋನ ಪ್ರೇತ ಕಾಣಿಸಿದಾಗ ಅತಿಥಿಗಳನ್ನು ಸಂಭಾಳಿಸಿ ಕಳಿಸುವವಳೂ ಅವಳೇ. ಎಲ್ಲರೂ ಹೋದ ಮೇಲೆ ಬೈಯುವುದಿಲ್ಲ. ನಿನಗೆ ನಿದ್ದೆ ಬೇಕು ಅನ್ನುತ್ತಾಳೆ. ದಣಿದವಳ ಮಾತು ಅದು. ಆಮೇಲೆ ನಾಲ್ಕನೆಯ ಅಂಕದಲ್ಲಿ ಅವಳು ಇಲ್ಲವೇ ಇಲ್ಲ.

ಹಾಗಾಗಿ ಐದನೆಯ ಅಂಕದಲ್ಲಿ ಇದ್ದಕ್ಕಿದ್ದಂತೆ ಏನೂ ಆಗಲಿಲ್ಲ. ನಾವು ನೋಡದೆ ಇದ್ದಾಗ ಆಗಿದೆ. ದಟ್ಟ ಕತ್ತಲೆಯೇ ಬಾ ಅಂತ ಕರೆದವಳು ಈಗ ದೀಪವಿಲ್ಲದೆ ಇರಲಾರಳು. ಪಕ್ಕದಲ್ಲಿ ಸದಾ ಬೆಳಕಿರಬೇಕು ಅಂತ ಅವಳದೇ ಆಜ್ಞೆ. ನಿದ್ದೆಯಲ್ಲೇ ಎದ್ದು ಕಾಗದ ತೆಗೆದು, ಬರೆದು, ಓದಿ, ಮುದ್ರೆ ಹಾಕಿ ಮತ್ತೆ ಮಲಗುತ್ತಾಳೆ. ಅರೇಬಿಯಾದ ಸುಗಂಧವೆಲ್ಲ ಸುರಿದರೂ ಈ ಪುಟ್ಟ ಕೈಯ ವಾಸನೆ ಹೋಗದು ಅನ್ನುತ್ತಾಳೆ. ಫೈಫ್‌ನ ಧಣಿಗೆ ಹೆಂಡತಿಯಿದ್ದಳು, ಈಗ ಅವಳೆಲ್ಲಿ ಅಂತಲೂ ಕೇಳುತ್ತಾಳೆ. ಆ ಧಣಿಯೇ ಮ್ಯಾಕ್‌ಡಫ್. ಅವನ ಹೆಂಡತಿ ಮಕ್ಕಳನ್ನು ಕೊಲ್ಲಿಸಿದ್ದು ಮ್ಯಾಕ್‌ಬೆತ್ ಒಬ್ಬನೇ, ಅದರಲ್ಲಿ ಇವಳ ಕೈ ಇದ್ದ ಸುಳಿವು ನಾಟಕದಲ್ಲಿಲ್ಲ. ಆದರೂ ಆ ಲೆಕ್ಕವೂ ಇವಳ ಖಾತೆಗೇ ಬಂದಿದೆ. ಅಷ್ಟು ಹೊತ್ತಿಗೆ ಗಂಡನಿಗೆ ಯಾವುದೂ ತಟ್ಟುತ್ತಿಲ್ಲ. ಇಬ್ಬರೂ ಅದಲುಬದಲಾಗಿದ್ದಾರೆ.

ಹದಿನೆಂಟನೆಯ ಶತಮಾನದ ಲಂಡನ್ ನಟಿ ಸಾರಾ ಸಿಡನ್ಸ್ 1785ರಲ್ಲಿ ಡ್ರೂರಿ ಲೇನ್ ರಂಗಮಂದಿರದಲ್ಲಿ ಈ ಪಾತ್ರ ಮಾಡಿದಾಗ ಕೈಲಿದ್ದ ದೀಪವನ್ನು ಕೆಳಗಿಟ್ಟು ಕೈ ಉಜ್ಜಿದರು. ಅವರಿಗಿಂತ ಮುಂಚಿನ ಹೆಸರಾಂತ ನಟಿ ದೀಪ ಕೈಬಿಡುತ್ತಿರಲಿಲ್ಲ. ಮಾಲೀಕ ಶೆರಿಡನ್ ಹಾಗೆಲ್ಲ ಬದಲಾಯಿಸಬೇಡಿ ಅಂತ ಗೋಗರೆದಿದ್ದರು. ಒಂದು ಕೈಲಿ ದೀಪ ಹಿಡಿದು ಇನ್ನೊಂದು ಕೈಯನ್ನು ಉಜ್ಜಲು ಆಗದು ಅಂತ ಸಿಡನ್ಸ್‌ಗೆ ಗೊತ್ತಿತ್ತು. ಮಾಲೀಕನಿಗೆ ಗೊತ್ತಿರಲಿಲ್ಲ, ಅಷ್ಟೇ.

ಪ್ರಶ್ನೆ: ಮ್ಯಾಕ್‌ಬೆತ್ ನಿಜವಾಗಿ ಇದ್ದನೇ?

ಉತ್ತರ: ಇದ್ದ. 1040ರಲ್ಲಿ ಡಂಕನ್‌ನನ್ನು ಯುದ್ಧದಲ್ಲಿ ಸೋಲಿಸಿ ಕೊಂದು ರಾಜನಾದ, 1057ರವರೆಗೆ ಆಳಿದ. ಡಂಕನ್ ಆಗ ನಾಟಕದಲ್ಲಿರುವ ಹಾಗೆ ಮುದುಕನಾಗಿರಲಿಲ್ಲ. ಶೇಕ್ಸ್‌ಪಿಯರ್ ಸುಮಾರು 1606ರಲ್ಲಿ ನಾಟಕ ಬರೆದಾಗ ಹಾಲಿನ್‌ಷೆಡ್‌ನ ಇತಿಹಾಸ ಗ್ರಂಥ ಮುಂದಿಟ್ಟುಕೊಂಡಿದ್ದ. ಅದರಲ್ಲಿ ಮ್ಯಾಕ್‌ಬೆತ್ ಹತ್ತು ವರ್ಷ ಚೆನ್ನಾಗಿಯೇ ಆಳುತ್ತಾನೆ, ಬ್ಯಾಂಕೋ ಕೊಲೆಯಲ್ಲಿ ಪಾಲುದಾರ. ಎರಡನ್ನೂ ಶೇಕ್ಸ್‌ಪಿಯರ್ ತೆಗೆದುಹಾಕಿದ. ಆಗಿನ ದೊರೆ ಒಂದನೆಯ ಜೇಮ್ಸ್‌ನ ಮನೆತನ ಬ್ಯಾಂಕೋನನ್ನು ಮೂಲಪುರುಷ ಅಂತ ಹೇಳಿಕೊಳ್ಳುತ್ತಿತ್ತು, ಅವನನ್ನು ಕೊಲೆಗಾರ ಮಾಡುವ ಹಾಗಿರಲಿಲ್ಲ. ಆ ಹತ್ತು ವರ್ಷ ಹೋದದ್ದರಿಂದ ಪಾಪಕ್ಕೂ ಅದರ ಫಲಕ್ಕೂ ನಡುವೆ ಉಸಿರಾಡಲು ಜಾಗವೇ ಉಳಿಯಲಿಲ್ಲ. ಮಲಗಿದ ಅತಿಥಿಯನ್ನು ಹೆಂಡತಿಯ ಮಾತಿಗೆ ಕೊಲ್ಲಿಸುವುದು ಅದೇ ಗ್ರಂಥದ ಬೇರೊಬ್ಬನ ಕಥೆ. ರಾತ್ರಿ ಕೇಳುವ ದನಿ ಮತ್ತೊಬ್ಬ ರಾಜನದು.

ಪ್ರಶ್ನೆ: ಹೆಸರು ಬೇಡ. ಸಹೋದ್ಯೋಗಿಯೊಬ್ಬರು ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ನನ್ನದು ಅಂತ ತೋರಿಸಿ ಬಡ್ತಿ ಪಡೆದೆ. ಅವರು ಈಗಲೂ ಎದುರಿಗೇ ಕೂರುತ್ತಾರೆ. ‘ನಿದ್ದೆಯನ್ನೇ ಕೊಂದ’ ಅನ್ನುವ ಮಾತು ಓದಿ ನನ್ನ ಬಗ್ಗೆಯೇ ಬರೆದ ಹಾಗಿತ್ತು. ಇಷ್ಟು ನೋಯುತ್ತಿದ್ದೇನಲ್ಲ, ಅದೇ ಪ್ರಾಯಶ್ಚಿತ್ತ ಅಲ್ವಾ?

ಉತ್ತರ: ಮೊದಲಿಗೆ, ನೀವು ಯಾರನ್ನೂ ಕೊಂದಿಲ್ಲ. ಮ್ಯಾಕ್‌ಬೆತ್ ಜೊತೆ ಸುಮ್ನೆ ಹೋಲಿಸಿಕೊಳ್ಳಬೇಡಿ. ನಿಮ್ಮ ಪ್ರಶ್ನೆಯನ್ನು ಕೇಳಿದವನು ಬೇರೆ ನಾಟಕದಲ್ಲಿದ್ದಾನೆ. ‘ಹ್ಯಾಮ್ಲೆಟ್’ನ ರಾಜ ಕ್ಲಾಡಿಯಸ್. ಅಣ್ಣನನ್ನು ಕೊಂದು ಅವನ ಪಟ್ಟವನ್ನೂ ಹೆಂಡತಿಯನ್ನೂ ಪಡೆದವನು. ಮೂರನೆಯ ಅಂಕದಲ್ಲಿ ಪ್ರಾರ್ಥನೆಗೆ ಮಂಡಿಯೂರುವ ಮುನ್ನ ತನ್ನನ್ನೇ ಕೇಳಿಕೊಳ್ಳುತ್ತಾನೆ: ಕೊಲೆಯಿಂದ ಗಳಿಸಿದ ಕಿರೀಟ, ರಾಣಿ, ಮಹತ್ವಾಕಾಂಕ್ಷೆ ಎಲ್ಲ ಇನ್ನೂ ನನ್ನ ಹತ್ತಿರವೇ ಇವೆ, ತಪ್ಪಿನ ಲಾಭ ಇಟ್ಟುಕೊಂಡೇ ಕ್ಷಮೆ ಪಡೆಯಬಹುದೇ? ಇಲ್ಲ ಅಂತ ಅವನಿಗೆ ಗೊತ್ತು. ಆದರೂ ಕಿರೀಟ ಬಿಡುವುದಿಲ್ಲ. ನನ್ನ ಮಾತು ಮೇಲೆ ಹೋಗುತ್ತದೆ, ಮನಸ್ಸು ಇಲ್ಲೇ ಕೆಳಗೆ ಉಳಿಯುತ್ತದೆ ಅನ್ನುತ್ತ ಎದ್ದು ಹೋಗುತ್ತಾನೆ.

ಮ್ಯಾಕ್‌ಬೆತ್ ಕೂಡ ತುಂಬಾ ನೋಯುತ್ತಾನೆ. ಹೊರಗೆ ಬಾಗಿಲು ಬಡಿಯುವಾಗ, ಈ ಸದ್ದಿಗೆ ಡಂಕನ್ ಎದ್ದರೆ ಎಷ್ಟು ಚೆನ್ನಾಗಿತ್ತು ಅನ್ನುತ್ತಾನೆ. ಆದರೆ ಪಟ್ಟ ಬಿಡುವ ಮಾತು ಒಂದು ಸಲವೂ ಬರುವುದಿಲ್ಲ. ಅವನ ನೋವು ಯಾರಿಗೂ ಏನನ್ನೂ ವಾಪಸ್ ಕೊಡಲಿಲ್ಲ. ನಿಮ್ಮದೂ ಸದ್ಯಕ್ಕೆ ಹಾಗೇ ಇದೆ. ಆದರೆ ನಿಮಗೆ ಮೋಸಹೋದವರು ಜೀವಂತವಾಗಿ ಎದುರಿಗೇ ಕೂತಿದ್ದಾರೆ. ಮೊದಲು ಅವರಿಗೆ ಹೇಳಿ. ನಿಮ್ಮ ನಿದ್ದೆಯ ಕಥೆ ಬೇಡ, ಅದು ಅವರಿಗೆ ಬೇಕಾಗಿಲ್ಲ. ಏನು ಮಾಡಿದಿರಿ ಅನ್ನುವುದನ್ನು ಹೇಳಿ, ಮೇಲಿನವರಿಗೆ ಬರೆದುಕೊಡಲು ಸಿದ್ಧ ಅಂತಲೂ ಹೇಳಿ. ಅವರು ಕ್ಷಮಿಸದೇ ಇರಬಹುದು. ಬಡ್ತಿ ಹೋಗಬಹುದು. ಕೆಲಸಕ್ಕೂ ಸಂಚಕಾರ ಬರಬಹುದು, ಸುಳ್ಳು ಭರವಸೆ ಕೊಡಲಾರೆ. ಲೇಡಿ ಮ್ಯಾಕ್‌ಬೆತ್ ಮುದ್ರೆ ಹಾಕಿದ ಕಾಗದ ಯಾರಿಗೂ ತಲುಪಿದ ಹಾಗೆ ಕಾಣುವುದಿಲ್ಲ. ನಿಮ್ಮ ಪತ್ರ ನನಗೆ ಬಂದಿದೆ, ಆದರೆ ವಿಳಾಸ ತಪ್ಪಿದೆ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡ ಈ ನಾಟಕ ಆಡಲಿದೆ. ಕೊಲೆಯಾದ ತಕ್ಷಣ ಬರುವ ಕುಡುಕ ಬಾಗಿಲುಕಾಯುವವನ ತಮಾಷೆ ಗಂಭೀರತೆ ಕೆಡಿಸುತ್ತದೆ, ಕತ್ತರಿಸೋಣ ಅಂತ ನಿರ್ದೇಶಕರು. ನಿಮ್ಮ ಅಭಿಪ್ರಾಯ?

ಉತ್ತರ: ಬೇಡ. ಕವಿ ಕೋಲ್‌ರಿಜ್‌ಗೂ ಆ ದೃಶ್ಯ ಹಿಡಿಸಿರಲಿಲ್ಲ, ನಿಮ್ಮ ನಿರ್ದೇಶಕರು ಒಂಟಿಯಲ್ಲ. ಆದರೆ ಆ ಕುಡುಕ ತಾನು ನರಕದ ಬಾಗಿಲು ಕಾಯುತ್ತಿದ್ದೇನೆ ಅಂತ ಆಟವಾಡುತ್ತಾನೆ. ಅವನು ಕಾಯುತ್ತಿರುವುದು ಯಾವ ಮನೆಯ ಬಾಗಿಲು ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಅಷ್ಟೂ ಹೊತ್ತು ಬಡಿತ ನಡೆದೇ ಇರುತ್ತದೆ. ಆ ಬಡಿತದ ಬಗ್ಗೆಯೇ ಇಂಗ್ಲಿಷ್ ಲೇಖಕ ಡಿ ಕ್ವಿನ್ಸಿ 1823ರಲ್ಲಿ ಒಂದು ಪ್ರಬಂಧ ಬರೆದ. ಇಷ್ಟೆಲ್ಲ ಹೇಳಿದರೂ ನಿರ್ದೇಶಕರು ಒಪ್ಪದಿದ್ದರೆ ಇದೊಂದು ಹೇಳಿ: ಮ್ಯಾಕ್‌ಬೆತ್ ಪಾತ್ರಧಾರಿ ಕೈಯ ಬಣ್ಣ ತೊಳೆದು ರಾತ್ರಿಯ ಉಡುಪು ಹಾಕಿಕೊಂಡು ಬರಬೇಕು. ಕುಡುಕನನ್ನು ತೆಗೆದರೆ ಅದಕ್ಕೆ ಸಮಯ ಎಲ್ಲಿ?